ಡಿಸೆಂಬರ್ 16, ವಿಜಯ ದಿವಸ: ಹೋಬಳಿ ಮಟ್ಟದಲ್ಲಿ ಸ್ಮಾರಕ ಕಲ್ಲು, ಹೆಸರು, ಬ್ಯೂಗಲ್, ಬಾವುಟ

ಹೋಬಳಿ_ಸಮಿತಿ

ಎಲ್ಲರಿಗೂ ನಮಸ್ಕಾರ. ಮಾಜಿ ಸೈನಿಕರ ಸಂಘ, ಗ್ರಾಮ ಪಂಚಾಯಿತಿ, ಪ್ರೌಢಶಾಲೆ ಮೂರೂ ಸೇರಿ ಈ ಸಲ ಡಿಸೆಂಬರ್ 16ಕ್ಕೆ ಹೋಬಳಿಯಿಂದ 1971ರ ಯುದ್ಧಕ್ಕೆ ಹೋಗಿ ಮಡಿದವರ ಹೆಸರಿನ ಕಲ್ಲು ನಿಲ್ಲಿಸುವುದೆಂದು ತೀರ್ಮಾನವಾಗಿದೆ. ಜಾಗ ಶಾಲೆಯ ಮೈದಾನದ ಅಂಚು. 300 ಜನ ಸೇರಬಹುದು. ಪಕ್ಕದ ಕಾಲೇಜಿನಲ್ಲಿ ಎನ್‌ಸಿಸಿ ಇದೆ.

ಗೊತ್ತಾಗಬೇಕಾದ್ದು: ಕಾರ್ಯಕ್ರಮದ ಕ್ರಮ ಹೇಗೆ, ಹೆಸರು ಖಾತ್ರಿ ಮಾಡಿಕೊಳ್ಳುವುದು ಎಲ್ಲಿ, ಯಾವ ಗ್ರಾನೈಟ್, ಬಾವುಟ ಅರ್ಧಕ್ಕೆ ಇಳಿಸಬೇಕೇ, ಬ್ಯೂಗಲ್ ಊದುವವರು ಸಿಗದಿದ್ದರೆ ಏನು ಗತಿ. ಕಲ್ಲಿನ ಮೇಲೆ "1971 ಡಿಸೆಂಬರ್ 3ರಿಂದ 16" ಎಂದು ಕೆತ್ತಿಸುವ ಯೋಚನೆಯಿದೆ.

ದಾಖಲೆ_ಕಪಾಟು

ಕೊನೆಯ ಸಾಲಿನಿಂದಲೇ ಶುರು ಮಾಡೋಣ, ಏಕೆಂದರೆ ಕಲ್ಲಿಗೆ ಉಳಿ ಬಿದ್ದ ಮೇಲೆ ತಿದ್ದುವುದಕ್ಕಾಗದು. ಆ ತಾರೀಖುಗಳನ್ನು ಕೆತ್ತಿಸಬೇಡಿ, "1971" ಎಂದಷ್ಟೇ ಸಾಕು. ಕಾರಣ ಮೂರು.

ಡಿಸೆಂಬರ್ 16ಕ್ಕೆ ಮುಗಿದದ್ದು ಪೂರ್ವ ರಂಗದ, ಅಂದರೆ ಈಗಿನ ಬಾಂಗ್ಲಾದೇಶದ ಕಡೆಯ ಯುದ್ಧ. ಢಾಕಾದ ರಮ್ನಾ ರೇಸ್‌ಕೋರ್ಸ್‌ನಲ್ಲಿ ಪಾಕಿಸ್ತಾನದ ಸೇನಾಧಿಕಾರಿ ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ದು ಆ ಸಂಜೆ, ನಮ್ಮ ಗಡಿಯಾರದ 4:31ಕ್ಕೆ. ಪಶ್ಚಿಮದಲ್ಲಿ ಗುಂಡು ನಿಂತಿದ್ದು ಮರುದಿನ, 17ರ ರಾತ್ರಿ 8ಕ್ಕೆ. ಪಶ್ಚಿಮ ರಂಗದ ಬಸಂತರ್ ಕಾಳಗದ ಹೋಶಿಯಾರ್ ಸಿಂಗ್ ಅವರಿಗೆ ಪರಮವೀರ ಚಕ್ರ ತಂದುಕೊಟ್ಟ ಹೋರಾಟ 17ರವರೆಗೂ ನಡೆದದ್ದು. ನಿಮ್ಮ ಹೋಬಳಿಯವರು ಯಾರಾದರೂ 17ರಂದು ಮಡಿದಿದ್ದರೆ ಅವರದೇ ಕಲ್ಲಿನಲ್ಲಿ ಅವರನ್ನು ಯುದ್ಧದಿಂದ ಆಚೆ ಇಟ್ಟಂತಾಗುತ್ತದೆ.

ಎರಡನೆಯದು, ಡಿಸೆಂಬರ್ 3 ಎಂಬುದು ಪಾಕಿಸ್ತಾನದ ವಿಮಾನಗಳು ನಮ್ಮ ನೆಲೆಗಳ ಮೇಲೆ ಬಂದ ಸಂಜೆ. ಪೂರ್ವ ಗಡಿಯಲ್ಲಿ ಅದಕ್ಕೂ ಮುಂಚೆಯೇ ನಮ್ಮವರು ಸಾಯುತ್ತಿದ್ದರು. ಧಲಾಯ್ ಕಾಳಗ ಅಕ್ಟೋಬರ್ ಕೊನೆಯದು, ಗರೀಬ್‌ಪುರದ ಟ್ಯಾಂಕ್ ಕಾಳಗ ನವೆಂಬರ್ 21ರದು.

ಮೂರನೆಯದು, ಕದನವಿರಾಮದ ನಂತರ ನೆಲಬಾಂಬ್ ತೆಗೆಯುವಾಗ ಸತ್ತವರು. ಇದರಲ್ಲಿ ಎಂಜಿನಿಯರ್ ದಳದ ಸೈನಿಕರಾದ ಸ್ಯಾಪರ್‌ಗಳೇ ಹೆಚ್ಚು, ಮತ್ತು ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ (ಎಂಇಜಿ)‌ಗೆ ನಮ್ಮ ಕಡೆಯವರು ಸೇರುವುದು ಹಿಂದಿನಿಂದಲೂ ಇದ್ದದ್ದೇ. ಇಂಥ ಹೆಸರು ಸಿಕ್ಕರೆ ಸಾವಿನ ವರ್ಷ 1972 ಇದ್ದರೂ ಇರಬಹುದು. ಪಟ್ಟಿ ಸಿದ್ಧವಾಗುವ ಮೊದಲೇ, ಇವರನ್ನು ಸೇರಿಸುತ್ತೇವೋ ಇಲ್ಲವೋ ಎಂದು ಸಮಿತಿಯ ನಡಾವಳಿಯಲ್ಲಿ ಬರೆದಿಡಿ. ಆಮೇಲೆ ಬರೆದರೆ ಅದು ಒಂದು ಮನೆಯ ವಿರುದ್ಧ ಬರೆದಂತೆ ಕಾಣುತ್ತದೆ.

ಹೋಬಳಿ_ಸಮಿತಿ

ಇದು ಯಾರಿಗೂ ಹೊಳೆದಿರಲಿಲ್ಲ ಸರ್. ಹೆಸರು ಖಾತ್ರಿ ಮಾಡಿಕೊಳ್ಳುವ ದಾರಿ?

ದಾಖಲೆ_ಕಪಾಟು

ಮೂರು ಕಡೆ ನೋಡಿ, ಮೂರೂ ತಾಳೆಯಾಗಬೇಕು.

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ (2019ರ ಫೆಬ್ರವರಿ 25ರಂದು ಉದ್ಘಾಟನೆ) ಸ್ವಾತಂತ್ರ್ಯಾನಂತರ ಮಡಿದವರ ಹೆಸರನ್ನು ತ್ಯಾಗ ಚಕ್ರದ ಗೋಡೆಗಳಲ್ಲಿ ಕೆತ್ತಿದೆ. ಅದರ ಜಾಲತಾಣದಲ್ಲಿ ಹೆಸರು ಹುಡುಕಬಹುದು. ಎರಡನೆಯದು ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿ. ಕುಟುಂಬ ಪಿಂಚಣಿಯ ಕಡತ ಇರುವುದರಿಂದ ಊರು, ವಾರಸುದಾರರ ಹೆಸರು ಅಲ್ಲಿ ಸಿಗುತ್ತವೆ. ಮೂರನೆಯದು ಆಯಾ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸ್. ಮರಾಠಾ ಲಘು ಪದಾತಿದಳವಾದರೆ ಬೆಳಗಾವಿ, ಎಂಇಜಿಯಾದರೆ ಬೆಂಗಳೂರು. ಇಲ್ಲಿಗೆ ಸರ್ವಿಸ್ ನಂಬರ್ ಇಲ್ಲದೆ ಬರೆದರೆ ಪತ್ರ ಮೂಲೆ ಸೇರುತ್ತದೆ. ಆ ನಂಬರ್ ಪಿಂಚಣಿ ಪುಸ್ತಕದಲ್ಲೂ ಪದಕದ ಅಂಚಿನಲ್ಲೂ ಇರುತ್ತದೆ. ಪದಕವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಂಚಿನ ಮೇಲೆ ಸಣ್ಣಕ್ಷರದಲ್ಲಿ ನಂಬರ್, ಹುದ್ದೆ, ಹೆಸರು ಕಾಣುತ್ತವೆ. ಹುಣಸೆಹಣ್ಣು ಹಾಕಿ ಉಜ್ಜಿ ಹೊಳಪು ಬರಿಸಿದ ಪದಕಗಳಲ್ಲಿ ಅದು ಸವೆದಿರುತ್ತದೆ, ಹಾಗಾಗಿ ಮನೆಯವರಿಗೆ ಉಜ್ಜಬೇಡಿ ಎಂದು ಮೊದಲೇ ಹೇಳಿ.

ಬದುಕಿರುವ ಮಾಜಿ ಸೈನಿಕರಲ್ಲಿ ಯಾರು ಯಾವ ರಂಗದಲ್ಲಿದ್ದರು ಎಂಬುದಕ್ಕೂ ಪದಕವೇ ಸಾಕ್ಷಿ: ಪೂರ್ವಿ ಸ್ಟಾರ್ ಇದ್ದರೆ ಪೂರ್ವ, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮ. ಸಂಗ್ರಾಮ್ ಮೆಡಲ್ ಎರಡೂ ಕಡೆಯವರಿಗೆ ಇದೆ, ಅದೊಂದರಿಂದ ರಂಗ ಗೊತ್ತಾಗದು.

ಹುದ್ದೆಯನ್ನು ಎಲ್ಲರಿಗೂ "ಸಿಪಾಯಿ" ಎಂದು ಹಾಕಬೇಡಿ. ಎಂಜಿನಿಯರ್ಸ್‌ನಲ್ಲಿ ಸ್ಯಾಪರ್, ಫಿರಂಗಿದಳದಲ್ಲಿ ಗನ್ನರ್, ಟ್ಯಾಂಕ್ ದಳದಲ್ಲಿ ಸವಾರ್, ಸಿಗ್ನಲ್ಸ್‌ನಲ್ಲಿ ಸಿಗ್ನಲ್‌ಮನ್. ಅದೇ ದಳದ ಮಾಜಿ ಸೈನಿಕರು ಕಲ್ಲಿನ ಮುಂದೆ ನಿಂತಾಗ ಮೊದಲು ನೋಡುವುದೇ ಅದನ್ನು.

ಕಲ್ಲು_ಉಳಿ

ಕಲ್ಲಿನ ವಿಷಯಕ್ಕೆ ಬರೋಣ. ಹೊಳಪು ಕೊಟ್ಟ ಕಪ್ಪು ಗ್ರಾನೈಟ್ ತೆಗೆದುಕೊಳ್ಳಿ, ಚಾಮರಾಜನಗರದ ಕಡೆಯದು ಒಳ್ಳೆಯದು. ಮರಳು ಊದಿ ಕೆತ್ತಿದ ಅಕ್ಷರ ಬೂದುಬಿಳಿಯಾಗಿ ಎದ್ದು ಕಾಣುತ್ತದೆ, ಬಣ್ಣ ತುಂಬುವ ಅಗತ್ಯವೇ ಇಲ್ಲ. ಇಳಕಲ್ ಕೆಂಪು ನೋಡಲು ಚಂದ, ಆದರೆ ಅದರಲ್ಲಿ ಕೆತ್ತಿದ ಅಕ್ಷರಕ್ಕೂ ಕಲ್ಲಿಗೂ ಬಣ್ಣದ ಅಂತರ ಕಮ್ಮಿ. ಬಣ್ಣ ತುಂಬಲೇಬೇಕು, ತುಂಬಿದ ಚಿನ್ನದ ಬಣ್ಣ ಕೆಲವೇ ಬೇಸಿಗೆಗೆ ಸಿಪ್ಪೆ ಏಳುತ್ತದೆ.

ಲೇಸರ್ ಕೆತ್ತನೆ ಬೇಡ. ಅದು ಹೊಳಪನ್ನಷ್ಟೇ ಕೆರೆಯುತ್ತದೆ, ಬಯಲಲ್ಲಿ ನಿಲ್ಲುವ ಕಲ್ಲಿಗೆ ಆಳ ಬೇಕು. ಮರಳು ಊದಿಸಿ 2ರಿಂದ 3 ಮಿ.ಮೀ. ಆಳ ಬರಬೇಕೆಂದು ಆರ್ಡರಿನಲ್ಲೇ ಬರೆಸಿ.

ಅಳತೆ: 4 ಅಡಿ ಎತ್ತರ, ಎರಡೂವರೆ ಅಡಿ ಅಗಲ, 4 ಇಂಚು ದಪ್ಪ. ಕಪ್ಪು ಗ್ರಾನೈಟ್‌ಗೆ ಘನಮೀಟರಿಗೆ 3 ಟನ್ ಲೆಕ್ಕದಲ್ಲಿ ತೂಕ ಸುಮಾರು 280 ಕೆ.ಜಿ. ಆಗುತ್ತದೆ. ನಾಲ್ಕು ಜನ ಎತ್ತಿ ನಿಲ್ಲಿಸುತ್ತೇವೆ ಎಂದರೆ ಕೈಕಾಲು ಜಜ್ಜಿಕೊಳ್ಳುತ್ತಾರೆ. ತ್ರಿಪಾದಿಗೆ ಚೈನ್ ಪುಲ್ಲಿ ಕಟ್ಟಿ ಇಳಿಸಿ, ಪಟ್ಟಿಗೂ ಕಲ್ಲಿನ ಅಂಚಿಗೂ ನಡುವೆ ಗೋಣಿ ಇಡಿ.

ಪೀಠಕ್ಕೂ ಕಲ್ಲಿಗೂ ನಡುವೆ ಬರೀ ಸಿಮೆಂಟ್ ನಂಬಬೇಡಿ. 16 ಮಿ.ಮೀ. ಸ್ಟೇನ್‌ಲೆಸ್ ಸರಳು ಎರಡು, ಕೆಳಗೆ 6 ಇಂಚು, ಮೇಲೆ 6 ಇಂಚು ಹೋಗುವಂತೆ ತೂತು ಕೊರೆದು ಎಪಾಕ್ಸಿ ಹಾಕಿ ಕೂರಿಸಿ. ಮಾಮೂಲಿ ಕಬ್ಬಿಣದ ಸರಳಾದರೆ ಒಳಗೇ ತುಕ್ಕು ಹಿಡಿದು ಉಬ್ಬಿ ಕಲ್ಲನ್ನು ಸೀಳುತ್ತದೆ, ಹಳೆಯ ಸ್ಮಾರಕಗಳಲ್ಲಿ ಬುಡದಿಂದ ಮೇಲಕ್ಕೆ ಎದ್ದ ಬಿರುಕು ಹೆಚ್ಚಾಗಿ ಇದೇ. ಪೀಠದ ಕಾಂಕ್ರೀಟಿಗೆ ಮೂರು ವಾರ ಸಮಯ ಕೊಡಿ. ಹಿಂದಿನ ವಾರ ಕಾಂಕ್ರೀಟ್ ಹಾಕಿ 16ಕ್ಕೆ ಅನಾವರಣ ಎಂದರೆ ಕಲ್ಲು ಓರೆಯಾಗುವುದು ಖಂಡಿತ.

ಎರಿ_ಹೊಲ

ಎರಿ (ಕಪ್ಪು ಮಣ್ಣಿನ) ನೆಲದಾಗ ಕಲ್ಲು ನಿಲ್ಲಸೋದಂದ್ರ ಬ್ಯಾರೇನ ಲೆಕ್ಕ ರೀ. ಬ್ಯಾಸಿಗ್ಯಾಗ ನೆಲ ಬಿರಿತೈತಿ, ಮಳಿಗಾಲದಾಗ ಉಬ್ಬತೈತಿ. ಎರಡಡಿ ತಗ್ಗು ತಗದು ಪೀಠ ಕಟ್ಟಿದ್ರ ಎರಡು ಮಳಿಗಾಲಕ್ಕ ವಾಲತೈತಿ ನೋಡ್ರಿ. ಕಡಿಮ್ಯಾಗಂದ್ರ 4 ಅಡಿ ತಗೀರಿ, ಎರಿಮಣ್ಣು ಪೂರ್ತಿ ತಗದು ಒಗೀರಿ, ಗರಸು ತುಂಬಿ ಅರ್ಧರ್ಧ ಅಡಿಗೊಮ್ಮಿ ನೀರು ಹೊಡದು ಧಮ್ಮಸ್ ಬಡದು ಗಟ್ಟಿ ಮಾಡ್ರಿ. ಮ್ಯಾಲ ಕಾಂಕ್ರೀಟ್. ಸುತ್ತಲೂ ಎರಡಡಿ ಫರಸಿ ಹಾಸಿ ಹೊರಗ ಇಳಿಜಾರು ಕೊಟ್ರ ನೀರು ಬುಡಕ್ಕ ನಿಲ್ಲಂಗಿಲ್ಲ.

ಕಲ್ಲು_ಉಳಿ

ಸರಿಯಾಗಿ ಹೇಳಿದಿರಿ ಯಜಮಾನ್ರೇ. ಇನ್ನೊಂದು ಅಕ್ಷರದ ವಿಷಯ. ಕನ್ನಡಕ್ಕೆ ಸಾಲುಗಳ ನಡುವೆ ಜಾಗ ಜಾಸ್ತಿ ಬೇಕು. ಅಕ್ಷರ 20 ಮಿ.ಮೀ. ಎತ್ತರವಿದ್ದರೆ ಸಾಲಿಂದ ಸಾಲಿಗೆ 45 ಮಿ.ಮೀ. ಬಿಡಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು. "ಲಕ್ಷ್ಮಣ" ಎಂಬ ಹೆಸರನ್ನೇ ನೋಡಿ: ಕಕಾರದ ಕೆಳಗೆ ಷ ಒತ್ತು, ಅದರ ಪಕ್ಕ ಮ ಒತ್ತು. ರಬ್ಬರ್ ಸ್ಟೆನ್ಸಿಲ್ ಕತ್ತರಿಸಿದಾಗ ಒತ್ತಿನ ಒಳಗಿನ ಚಿಕ್ಕ ಗುಂಡಿಗಳು ಅಂಟು ಸಾಲದೆ ಹಾರಿಹೋಗುತ್ತವೆ, ಆ ಜಾಗವೂ ಕೆತ್ತಿಹೋಗಿ ಅಕ್ಷರ ಒಂದು ಕುಳಿಯಾಗುತ್ತದೆ. ಒತ್ತಿನ ಗೆರೆ 2 ಮಿ.ಮೀ.ಗಿಂತ ತೆಳ್ಳಗಿರಬಾರದು. ಅಲಂಕಾರದ ಫಾಂಟ್ ಬೇಡವೇ ಬೇಡ.

ಹೆಸರನ್ನು "ನುಡಿ" ಅಥವಾ "ಬರಹ" ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸಿದರೆ ಕೆತ್ತುವವರ ಕಂಪ್ಯೂಟರಿನಲ್ಲಿ ಅರ್ಕಾವತ್ತು ಜಾಗ ಬದಲಿಸುತ್ತದೆ, ಇಲ್ಲವೇ ಅಕ್ಷರವೇ ಬೇರೆಯಾಗುತ್ತದೆ. ಅಕ್ಷರಗಳನ್ನು ಕರ್ವ್‌ಗೆ ಬದಲಿಸಿದ ಪಿಡಿಎಫ್ ಕೊಡಿ. ಆಮೇಲೆ ಕಲ್ಲಿನಷ್ಟೇ ದೊಡ್ಡ ಕಾಗದದಲ್ಲಿ ಮುದ್ರಿಸಿ ಪ್ರತಿ ಮನೆಗೂ ಒಯ್ದು ಅವರವರ ಹೆಸರಿನ ಪಕ್ಕ ಸಹಿ ಹಾಕಿಸಿ. ಮೊಬೈಲಿನಲ್ಲಿ ಫೋಟೊ ಕಳಿಸಿ "ಓಕೆನಾ" ಎಂದು ಕೇಳುವುದು ಸಾಲದು.

ದಾಖಲೆ_ಕಪಾಟು

ಮನೆಗೆ ಒಯ್ಯಲು ಇನ್ನೊಂದು ಕಾರಣವೂ ಇದೆ. ಸೇನೆಯ ದಾಖಲೆ ಇಂಗ್ಲಿಷಿನಲ್ಲಿರುತ್ತದೆ. ಅದರಲ್ಲಿ ತ, ಟ ಎರಡಕ್ಕೂ ಒಂದೇ ಅಕ್ಷರ, ದ ಡ ಕೂಡ ಹಾಗೇ. ದಾಖಲೆ ನೋಡಿ ಕನ್ನಡಕ್ಕೆ ಇಳಿಸಿದರೆ ಪಾಟೀಲರು ಪಾತೀಲರಾಗುತ್ತಾರೆ. ಕಾಗುಣಿತ ಮನೆಯವರದು, ನಂಬರ್ ಮತ್ತು ಹುದ್ದೆ ದಾಖಲೆಯದು. ಹೀಗೆ ಭಾಗ ಮಾಡಿಕೊಂಡರೆ ಜಗಳವಿಲ್ಲ.

ಪರೇಡ್_ಮೈದಾನ

ಕಾರ್ಯಕ್ರಮದ ಕ್ರಮ ಹೇಳುತ್ತೇನೆ. ಒಟ್ಟು 40 ನಿಮಿಷ ಮೀರಬಾರದು. ಬೆಳಿಗ್ಗೆ 10:30ಕ್ಕೆ ಅಂತಿಟ್ಟುಕೊಳ್ಳಿ.

10:15ಕ್ಕೆ ಎಲ್ಲರೂ ಕುಳಿತಿರಬೇಕು, ಗಾರ್ಡ್ (ರೈಫಲ್ ಹಿಡಿದು ಗೌರವ ಸಲ್ಲಿಸುವ ಎನ್‌ಸಿಸಿ ಕೆಡೆಟ್‌ಗಳ ಸಾಲು) ತನ್ನ ಜಾಗದಲ್ಲಿರಬೇಕು. 10:30ಕ್ಕೆ ಸ್ವಾಗತ ಎರಡೇ ವಾಕ್ಯ. ನಂತರ ಅನಾವರಣ. ಕೂಡಲೇ ಹೆಸರುಗಳ ಓದು: ಹುದ್ದೆ, ಹೆಸರು, ದಳ, ಊರು. ಒಂದು ಹೆಸರಿಗೆ 8 ಸೆಕೆಂಡಿನಷ್ಟು ಸಮಯ, ನಡುವೆ ಉಸಿರು ಬಿಡುವಷ್ಟು ಬಿಡುವು. ಆಮೇಲೆ ಪುಷ್ಪಚಕ್ರ. ಅದು ಮುಗಿದ ಮೇಲೆ ಗಾರ್ಡಿಗೆ "ಸಲಾಮಿ ಶಸ್ತ್ರ" (ರೈಫಲ್ ಎತ್ತಿ ವಂದನೆ), ನಂತರ "ಶೋಕ್ ಶಸ್ತ್ರ" (ರೈಫಲ್ ತಲೆಕೆಳಗಾಗಿಸಿ ಶೋಕ). ಬ್ಯೂಗಲ್‌ನಲ್ಲಿ ಲಾಸ್ಟ್ ಪೋಸ್ಟ್ (ಮಡಿದವರಿಗೆ ವಿದಾಯ ಹೇಳುವ ಕರೆ). ಎರಡು ನಿಮಿಷ ಮೌನ. ರೌಸ್ (ಮೌನ ಮುಗಿಸುವ ಬ್ಯೂಗಲ್ ಕರೆ). ಒಂದೇ ಒಂದು ಭಾಷಣ, 5 ನಿಮಿಷ. ರಾಷ್ಟ್ರಗೀತೆ, 52 ಸೆಕೆಂಡ್. ಮುಗಿಯಿತು.

ಭಾಷಣವನ್ನು ಮೌನಕ್ಕಿಂತ ಮುಂಚೆ ಇಟ್ಟರೆ ಕೆಡುತ್ತದೆ. ಒಬ್ಬರ ಭಾಷಣ ಐವರದಾಗುತ್ತದೆ, ಅಷ್ಟರಲ್ಲಿ ಶೋಕ್ ಶಸ್ತ್ರಕ್ಕೆ ಕಾದು ನಿಂತ ಕೆಡೆಟ್‌ಗಳಲ್ಲಿ ಒಬ್ಬಿಬ್ಬರು ಕುಸಿಯುತ್ತಾರೆ. ಗಾರ್ಡ್‌ಗೆ ಬೆಳಿಗ್ಗೆ ತಿಂಡಿ ಆಗಿದೆಯೇ ನೋಡಿಕೊಳ್ಳಿ, ನಿಂತಲ್ಲೇ ಕಾಲ್ಬೆರಳು ಆಡಿಸುತ್ತಿರಲು ಹೇಳಿ. ಡ್ರಿಲ್ಲಿನ ಕಮಾಂಡ್‌ಗಳನ್ನು ಎನ್‌ಸಿಸಿಯ ತರಬೇತಿ ಕೊಡುವ ಪಿ.ಐ. ಸ್ಟಾಫ್‌ಗೆ ಬಿಟ್ಟುಬಿಡಿ, ಸಮಿತಿಯವರು ಮೈಕಿನಲ್ಲಿ ಹೇಳಹೋಗಬೇಡಿ. ಶೋಕ್ ಶಸ್ತ್ರ ಮಕ್ಕಳಿಗೆ ದಿನನಿತ್ಯದ ಅಭ್ಯಾಸವಲ್ಲ. ರೈಫಲ್ ತಲೆಕೆಳಗಾಗಿ ತಿರುಗಬೇಕು, ಕನಿಷ್ಠ ಒಂದು ವಾರ ಮೊದಲೇ ಶುರು ಮಾಡಲಿ.

ಶಾಲೆ_ಮೇಡಂ

10:30 ಏಕೆ? ಸಂಜೆ 4:31ಕ್ಕೇ ಮೌನ ಇಟ್ಟರೆ ಅರ್ಥ ಬರುವುದಿಲ್ಲವೇ? ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು 6ರ ಹೊತ್ತಿಗೆ, ಬೆಳಕಿರುತ್ತದೆ.

ಪರೇಡ್_ಮೈದಾನ

ಆಗಬಹುದು ಮೇಡಂ, ಕ್ರಮ ಅದೇ, ಹಿಂದಿನಿಂದ ಲೆಕ್ಕ ಹಾಕಿ 4:10ಕ್ಕೆ ಶುರು ಮಾಡಬೇಕು. ಆದರೆ ಒಂದು ಮಾತು. 1971ರಲ್ಲಿ 20 ವರ್ಷದವರಾಗಿದ್ದವರಿಗೆ ಈಗ 75ರ ಆಸುಪಾಸು. ದೂರದ ಹಳ್ಳಿಗಳಿಂದ ಬಂದವರು ಕತ್ತಲಾಗುವ ಮುಂಚೆ ಮನೆ ಸೇರಬೇಕು. ವಾಪಸ್ ಬಿಡಲು ಗಾಡಿ ಗೊತ್ತು ಮಾಡಿದ್ದರೆ ಸಂಜೆ ಇಡಿ, ಇಲ್ಲದಿದ್ದರೆ ಬೆಳಿಗ್ಗೆಯೇ ಸರಿ.

ಕಹಳೆ

ಬ್ಯೂಗಲ್ ಬಗ್ಗೆ. ಎನ್‌ಸಿಸಿ ಬೆಟಾಲಿಯನ್‌ಗೆ ಒಂದು ಪತ್ರ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಇನ್ನೊಂದು, ಒಂದು ತಿಂಗಳು ಮೊದಲೇ. ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಬ್ಯಾಂಡಿನಲ್ಲಿ ಬ್ಯೂಗಲ್ ಊದುವವರಿರುತ್ತಾರೆ. ಆದರೆ ಅದೇ ದಿನ ಜಿಲ್ಲಾ ಕೇಂದ್ರದಲ್ಲೂ ಕಾರ್ಯಕ್ರಮ ಇರಬಹುದು.

ಊದುವವರನ್ನು ಕಲ್ಲಿನ ಪಕ್ಕ ನಿಲ್ಲಿಸಬೇಡಿ. ಹಿಂಬದಿಗೆ 15 ಮೀಟರ್ ದೂರ, ಸ್ವಲ್ಪ ಎತ್ತರದ ಜಾಗ. ಮುಂದೆ ಮೈಕ್ ಇಡಬೇಡಿ, ಕಿವಿ ಸೀಳುತ್ತದೆ. ಚಳಿಯ ಬೆಳಿಗ್ಗೆ ಲೋಹ ತಣ್ಣಗಿದ್ದರೆ ಸ್ವರ ಇಳಿಯುತ್ತದೆ, ತುಟಿಯೂ ಬಿಗಿದಿರುತ್ತದೆ. ಲಾಸ್ಟ್ ಪೋಸ್ಟ್‌ನ ಎತ್ತರದ ಸ್ವರ ಒಡೆಯುವುದು ಹೀಗೆಯೇ. ಕಾಲು ಗಂಟೆ ಮುಂಚೆ ಕಟ್ಟಡದ ಹಿಂದೆ ಹೋಗಿ ಊದಿ ಬರಲಿ, ಅಲ್ಲಿಂದ ಮುಂದಕ್ಕೆ ಮೌತ್‌ಪೀಸ್ ಅಂಗೈಯೊಳಗೇ ಇರಲಿ.

ಊದುವವರು ಸಿಗದೆ ರೆಕಾರ್ಡಿಂಗ್ ಹಾಕುವುದಾದರೆ ಎರಡು ಎಚ್ಚರಿಕೆ. ಅಂತರ್ಜಾಲದಲ್ಲಿ ಹುಡುಕಿದಾಗ "ಟ್ಯಾಪ್ಸ್" ಸಿಗುತ್ತದೆ, ಬರೀ 24 ಸ್ವರದ್ದು. ಅದು ಅಮೆರಿಕ ಸೇನೆಯದು, ನಮ್ಮದಲ್ಲ. ಲಾಸ್ಟ್ ಪೋಸ್ಟ್ ಒಂದು ನಿಮಿಷ ದಾಟುತ್ತದೆ. ಎರಡನೆಯದು, ಯೂಟ್ಯೂಬಿನಿಂದ ನೇರ ಹಾಕಬೇಡಿ. ಲಾಸ್ಟ್ ಪೋಸ್ಟ್ ಮುಗಿದು ಮೌನ ಶುರುವಾದ ಕ್ಷಣಕ್ಕೆ ಸರಿಯಾಗಿ ಜಾಹೀರಾತು ಬರುತ್ತದೆ. ಲಾಸ್ಟ್ ಪೋಸ್ಟ್, ಅಳೆದ 120 ಸೆಕೆಂಡ್ ನಿಶ್ಶಬ್ದ, ರೌಸ್ ಮೂರನ್ನೂ ಒಂದೇ ಫೈಲಾಗಿ ಜೋಡಿಸಿ ಪೆನ್‌ಡ್ರೈವ್‌ನಲ್ಲಿ ಇಡಿ. ಫೋನ್‌ನಿಂದ ಹಾಕಿದರೆ ಫ್ಲೈಟ್ ಮೋಡ್. ಕರೆಂಟ್ ಹೋದರೆ ಜನರೇಟರ್ ಶುರು ಮಾಡಿ ಮೌನ ಆಚರಿಸಲಾಗದು, ಬ್ಯಾಟರಿ ಸೆಟ್ಟೇ ತನ್ನಿ.

ಶಾಲೆ_ಮೇಡಂ

ಮೌನ ಯಾವಾಗ ಮುಗಿಯಿತೆಂದು ಮಕ್ಕಳಿಗೆ ತಿಳಿಯುವುದು ಹೇಗೆ? ಯಾರಾದರೂ ಸೀಟಿ ಊದಿದರೆ ಆಟದ ಪೀರಿಯಡ್ ಅಂದುಕೊಳ್ಳುತ್ತಾರೆ.

ಕಹಳೆ

ರೌಸ್ ಕೇಳಿದರೆ ಮುಗಿಯಿತು ಎಂದು ಮೊದಲೇ ಹೇಳಿಕೊಡಿ. ಬ್ಯೂಗಲ್ಲೇ ಇಲ್ಲದ ಕಡೆ ಜನವರಿ 30ರ ಹುತಾತ್ಮರ ದಿನದ ಪದ್ಧತಿ ನೋಡಿಕೊಳ್ಳಬಹುದು. ಅಂದು 10:59ರಿಂದ 11ರವರೆಗೆ ಸೈರನ್, ಎರಡು ನಿಮಿಷ ಮೌನ, ಮತ್ತೆ 11:02ರಿಂದ 11:03ರವರೆಗೆ ಸೈರನ್. ಹೋಬಳಿಯಲ್ಲಿ ಸೈರನ್ ಬದಲು ಶಾಲೆಯ ಗಂಟೆ ಶುರುವಿಗೆ ಒಂದು, ಕೊನೆಗೆ ಒಂದು. ಗಡಿಯಾರ ಒಬ್ಬರ ಕೈಯಲ್ಲಿರಲಿ. ಅಂದಾಜಿಗೆ ಬಿಟ್ಟರೆ ಎರಡು ನಿಮಿಷ ಎನ್ನುವುದು ನಲವತ್ತು ಸೆಕೆಂಡಿಗೇ ಮುಗಿದಿರುತ್ತದೆ.

ಖಾದಿ_ಬಾವುಟ

ಬಾವುಟ ಅರ್ಧಕ್ಕೆ ಇಳಿಸುವ ಹಾಗಿಲ್ಲ. ಅದು ಸರ್ಕಾರ ಶೋಕ ಘೋಷಿಸಿದಾಗ ಮಾತ್ರ, ಊರಿನ ಸಮಿತಿ ತೀರ್ಮಾನಿಸುವ ವಿಷಯವಲ್ಲ. ವಿಜಯ ದಿವಸಕ್ಕೆ ಪೂರ್ತಿ ಮೇಲೆಯೇ ಹಾರಬೇಕು.

ಸಮಿತಿಗಳು ಸಾಮಾನ್ಯವಾಗಿ ಎಡವುವುದು ಅನಾವರಣದಲ್ಲಿ: ಕಲ್ಲಿಗೆ ರಾಷ್ಟ್ರಧ್ವಜವನ್ನೇ ಹೊದಿಸಿ ಎಳೆಯುತ್ತಾರೆ. 2002ರ ಧ್ವಜ ಸಂಹಿತೆ ಇದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಪ್ರತಿಮೆಗಾಗಲಿ ಸ್ಮಾರಕಕ್ಕಾಗಲಿ ಧ್ವಜ ಹೊದಿಕೆಯಲ್ಲ. ಮೇಜಿನ ಮೇಲೆ ಹಾಸುವುದು, ವೇದಿಕೆಯ ಮುಂಭಾಗಕ್ಕೆ ಇಳಿಬಿಡುವುದು, ಧ್ವಜದ ಮೇಲೆ ಬರೆಯುವುದು, ಕಂಬದ ತುದಿಗೆ ಹೂಮಾಲೆ ಕಟ್ಟುವುದು ಎಲ್ಲವೂ ತಪ್ಪು. ಮಡಿಸಿದ ಧ್ವಜದೊಳಗೆ ಹೂವಿನ ಎಸಳು ಇಡುವುದಕ್ಕೆ ಅಡ್ಡಿಯಿಲ್ಲ. ಸಂಘದ ಧ್ವಜವಿದ್ದರೆ ಅದು ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲೂ ಅದರ ಸರಿಸಮನಾಗಿಯೂ ಇರಬಾರದು.

ಅಳತೆ 3:2. ಶಾಲೆಯ 20-25 ಅಡಿಯ ಕಂಬಕ್ಕೆ 1350×900 ಮಿ.ಮೀ. ಒಪ್ಪುತ್ತದೆ, 1800×1200 ಹಾಕಿದರೆ ಹಗ್ಗಕ್ಕೆ ಭಾರ, ಗಾಳಿಯಿಲ್ಲದಾಗ ಕಂಬಕ್ಕೇ ಸುತ್ತಿಕೊಳ್ಳುತ್ತದೆ. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಪಾಲಿಯೆಸ್ಟರ್‌ಗೂ ಯಂತ್ರದಲ್ಲಿ ತಯಾರಿಸಿದ್ದಕ್ಕೂ ಅನುಮತಿ ಸಿಕ್ಕಿದೆ. ಆದರೂ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಧ್ವಜ ತರಿಸಿ ಎನ್ನುವುದು ನನ್ನ ಅಭಿಪ್ರಾಯ. ಅಳತೆ, ಬಣ್ಣ, ಚಕ್ರದ 24 ಅರಗಳು ಎಲ್ಲ ಮಾನಕಕ್ಕೆ ಸರಿಯಾಗಿರುತ್ತವೆ. ಅಂಗಡಿಯ ಪಾಲಿಯೆಸ್ಟರ್‌ನಲ್ಲಿ ಚಕ್ರ ಒಂದು ಕಡೆಗಷ್ಟೇ ಅಚ್ಚಾಗಿರುವುದು, ಅರಗಳು ಕಮ್ಮಿ ಇರುವುದು ಮಾಮೂಲಿ.

ಕಲ್ಲು_ಉಳಿ

ಅನಾವರಣಕ್ಕೆ ಬಿಳಿ ಅಥವಾ ಕಡುನೀಲಿ ಸಾದಾ ಬಟ್ಟೆ. ಕಲ್ಲಿನ ಹಿಂದೆ ಎರಡು ಕಂಬ, ಮೇಲೆ ಒಂದು ಅಡ್ಡಸರಳು, ಬಟ್ಟೆಗೆ ಪರದೆಯ ಬಳೆಗಳು, ಪಕ್ಕಕ್ಕೆ ಎಳೆಯುವ ದಾರ. ಬಟ್ಟೆಯನ್ನು ನೇರ ಕಲ್ಲಿಗೇ ಹೊದಿಸಿದರೆ ಮೂಲೆಗೆ ಸಿಕ್ಕಿಹಾಕಿಕೊಂಡು ಗಣ್ಯರು ಎಳೆದಾಡುವುದನ್ನು ಜನ ನೋಡಬೇಕಾಗುತ್ತದೆ. ಕೆಳ ಅಂಚಿಗೆ ಮರಳು ತುಂಬಿದ ಪಟ್ಟಿ ಹೊಲಿಸಿ, ಗಾಳಿಗೆ ಹಾರುವುದಿಲ್ಲ.

ಮಾಲೆ_ಬುಟ್ಟಿ

ಪುಷ್ಪಚಕ್ರ ಎಷ್ಟು ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಒಂದಕ್ಕೆ ಮುಕ್ಕಾಲು ನಿಮಿಷ ಹಿಡಿಯುತ್ತದೆ, 6ಕ್ಕೆ ನಿಲ್ಲಿಸಿ. ಉಳಿದ ಸಂಘಸಂಸ್ಥೆಗಳಿಗೆ ಕಾರ್ಯಕ್ರಮದ ನಂತರ ಬಿಡಿ ಹೂ. ಮೊದಲ ಚಕ್ರ ವೀರನಾರಿಯರದು (ಮಡಿದ ಸೈನಿಕರ ಪತ್ನಿಯರದು), ಆಮೇಲೆ ಮಾಜಿ ಸೈನಿಕರು, ಆಮೇಲೆ ಪಂಚಾಯಿತಿ, ಪೊಲೀಸ್, ಎನ್‌ಸಿಸಿ, ಶಾಲೆ. ಶಾಸಕರು ಬಂದರೆ ಕ್ರಮ ಬದಲಾಗುವ ಒತ್ತಡ ಬಂದೇ ಬರುತ್ತದೆ. ಆಮಂತ್ರಣದಲ್ಲೇ ಕ್ರಮ ಅಚ್ಚು ಹಾಕಿಸಿದ್ದರೆ ಆ ಕಾಗದ ತೋರಿಸಿದರಾಯಿತು.

ವ್ಯಾಸ 20ರಿಂದ 24 ಇಂಚು. ಒಳಗೆ ಬಿದಿರಿನ ಬಳೆ, ಅದಕ್ಕೆ ಹುಲ್ಲು ಸುತ್ತಿ ಸೇವಂತಿಗೆ ಕಟ್ಟಬೇಕು. ಸೇವಂತಿಗೆ ದಿನವಿಡೀ ತಡೆಯುತ್ತದೆ, ಗುಲಾಬಿ ಬಿಸಿಲಿಗೆ ಮಧ್ಯಾಹ್ನದೊಳಗೆ ಬಾಡುತ್ತದೆ. ಕಬ್ಬಿಣದ ತಂತಿಯಲ್ಲಿ ಕಟ್ಟಿಸಬೇಡಿ, ಇಬ್ಬನಿಗೆ ತುಕ್ಕು ಇಳಿದು ಪೀಠದ ಮೇಲೆ ಕಂದು ಉಂಗುರ ಕೂರುತ್ತದೆ. ಬಾಳೆನಾರು ಅಥವಾ ನೂಲು ಸಾಕು. ರಿಬ್ಬನ್ನಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದರೆ ನೀರು ಚಿಮುಕಿಸಿದಾಗ ಹರಡುತ್ತದೆ, ಸ್ಕ್ರೀನ್ ಪ್ರಿಂಟ್ ಮಾಡಿಸಿ. ಚಕ್ರವನ್ನು ಕಲ್ಲಿಗೆ ಒರಗಿಸಿದರೆ ಕೆಳಗಿನ ಹೆಸರುಗಳೇ ಮುಚ್ಚಿಹೋಗುತ್ತವೆ. ಓರೆ ಸ್ಟ್ಯಾಂಡ್ ಮಾಡಿಸಿ, ಹಿಂಗಾಲು ನೆಲಕ್ಕೆ ಕಚ್ಚುವಂತಿರಲಿ.

ಪರೇಡ್_ಮೈದಾನ

ಚಕ್ರವನ್ನು ಇಬ್ಬರು ಕೆಡೆಟ್‌ಗಳು ಹೊತ್ತು ಮುಂದೆ ನಡೆಯಬೇಕು, ಇಡುವವರು ಹಿಂದೆ. ವಯಸ್ಸಾದ ತಾಯಂದಿರು ಬಗ್ಗಿ ಇಡಲಾರರು. ಕೆಡೆಟ್‌ಗಳೇ ಸ್ಟ್ಯಾಂಡಿಗೆ ಕೂರಿಸಲಿ, ಅಮ್ಮನವರು ಕೈ ತಾಗಿಸಿದರೆ ಸಾಕು. ಕುರ್ಚಿಯಿಂದ ಕಲ್ಲಿಗೆ 10 ಹೆಜ್ಜೆಗಿಂತ ದೂರ ಬೇಡ, ದಾರಿಯಲ್ಲಿ ಮೆಟ್ಟಿಲು ಬೇಡ. ಮೆಟ್ಟಿಲಿರಲೇಬೇಕಾದರೆ ಪಕ್ಕದಲ್ಲಿ ಇಳಿಜಾರು, ಒಂದಡಿ ಏರಿಗೆ 12 ಅಡಿ ಉದ್ದ. ಕೆಂಪು ಕಾರ್ಪೆಟ್ ಹಾಸಿದರೆ ಅಂಚನ್ನು ಟೇಪಿನಿಂದ ಅಂಟಿಸಿ, ಊರುಗೋಲು ಸಿಕ್ಕಿಕೊಳ್ಳುವುದು ಅಲ್ಲೇ. ಕೈಯಿರುವ ಕುರ್ಚಿ ಬೇಕು, ಕೈಯಿಲ್ಲದ ಪ್ಲಾಸ್ಟಿಕ್ ಕುರ್ಚಿಯಿಂದ ಮಂಡಿ ನೋವಿನವರು ಏಳಲಾರರು. ಮುಖಕ್ಕೆ ಬಿಸಿಲು ಬೀಳದಂತೆ ನೋಡಿಕೊಳ್ಳಿ. ಮೌನದ ವೇಳೆ ನಿಲ್ಲಲಾಗದವರು ಕುಳಿತೇ ಇರಬಹುದೆಂದು ಮೈಕಿನಲ್ಲಿ ಮೊದಲೇ ಹೇಳಿ. ಹೇಳದಿದ್ದರೆ ಅವರು ಕಷ್ಟಪಟ್ಟು ಎದ್ದೇ ಏಳುತ್ತಾರೆ.

ವೀರನಾರಿಯರಿಗೆ ಮೈಕ್ ಕೊಟ್ಟು "ಆ ದಿನ ಹೇಗಿತ್ತು ಹೇಳಿ ಅಮ್ಮಾ" ಎನ್ನುವ ನಿರೂಪಕರಿದ್ದಾರೆ. ದಯವಿಟ್ಟು ಬೇಡ.

ಹೋಬಳಿ_ಸಮಿತಿ

ಮೊಮ್ಮಕ್ಕಳು ತಾತನ ಪದಕ ಹಾಕಿಕೊಳ್ಳಬಹುದೇ?

ಪರೇಡ್_ಮೈದಾನ

ಬಲ ಎದೆಗೆ. ತಾನೇ ಗಳಿಸಿದವರದು ಎಡ ಎದೆಗೆ, ಮಡಿದವರ ವಾರಸುದಾರರು ಬಲಕ್ಕೆ. ಶ್ರದ್ಧಾಂಜಲಿ ಕಾರ್ಯಕ್ರಮಗಳಲ್ಲಿ ಇದು ಒಪ್ಪಿತ ಪದ್ಧತಿ. ಒಂದು ಮನೆಯಿಂದ ಒಬ್ಬರು ಸಾಕು.

ಮಕ್ಕಳಿಗೆ ಸೈನಿಕ ವೇಷ ಹಾಕಿಸುವುದಾದರೆ ಸೇನೆಯ ಈಗಿನ ಕಾಂಬ್ಯಾಟ್ ಡ್ರೆಸ್ಸಿನಂಥದ್ದು ಬೇಡ, ಅದರ ವಿನ್ಯಾಸವನ್ನು ಸೇನೆ ನೋಂದಣಿ ಮಾಡಿಸಿದೆ. ಆಮಂತ್ರಣದ ಮೇಲೆ ನಾಲ್ಕು ಸಿಂಹದ ಲಾಂಛನ ಹಾಕಬೇಡಿ. ಖಾಸಗಿ ಸಮಿತಿಗಳು ಅದನ್ನು ಬಳಸುವುದಕ್ಕೆ 2005ರ ಕಾಯ್ದೆಯ ತಡೆಯಿದೆ.

ದಾಖಲೆ_ಕಪಾಟು

ಬ್ಯಾನರ್ ಬಗ್ಗೆ. ಮೊದಲನೆಯದು, ಪ್ಲಾಸ್ಟಿಕ್ ಫ್ಲೆಕ್ಸ್‌ಗೆ 2016ರಿಂದ ರಾಜ್ಯದಲ್ಲಿ ನಿಷೇಧವಿದೆ, ಬಟ್ಟೆಯ ಬ್ಯಾನರ್ ಮಾಡಿಸಿ. ಎರಡನೆಯದು, ವಿನ್ಯಾಸ ಮಾಡುವವರು "ವಿಜಯ ದಿವಸ" ಎಂದು ಹುಡುಕಿ ಟೈಗರ್ ಹಿಲ್ ಮೇಲಿನ ಸೈನಿಕರ ಚಿತ್ರ ಹಾಕುತ್ತಾರೆ. ಅದು 1999ರ ಕಾರ್ಗಿಲ್, ಅದರ ದಿನ ಜುಲೈ 26. ಶರಣಾಗತಿಯ ಪ್ರಸಿದ್ಧ ಚಿತ್ರದಲ್ಲಿ ಮೇಜಿನ ಮುಂದೆ ಕುಳಿತಿರುವುದು ನಮ್ಮ ಪೂರ್ವ ಕಮಾಂಡಿನ ಮುಖ್ಯಸ್ಥ ಜಗಜಿತ್ ಸಿಂಗ್ ಅರೋರಾ ಮತ್ತು ನಿಯಾಜಿ. ಆಗಿನ ಸೇನಾ ಮುಖ್ಯಸ್ಥ ಮಾಣೆಕ್‌ಷಾ ಆ ಚಿತ್ರದಲ್ಲಿಲ್ಲ, ಅಂದು ಅವರು ಢಾಕಾದಲ್ಲೇ ಇರಲಿಲ್ಲ. ಆಗಿನ ಅವರ ಹುದ್ದೆ ಜನರಲ್, ಫೀಲ್ಡ್ ಮಾರ್ಷಲ್ ಆದದ್ದು 1973ರ ಜನವರಿಯಲ್ಲಿ.

"93,000 ಸೈನಿಕರು ಶರಣಾದರು" ಎಂದೂ ಬರೆಯಬೇಡಿ. ಆ ಸುಮಾರು 93,000ದಲ್ಲಿ ಸೈನಿಕರಲ್ಲದವರೂ ಸೇರಿದ್ದಾರೆ, "ಯುದ್ಧಕೈದಿಗಳು" ಎಂದರೆ ಸರಿ. ಇನ್ನು ನಾಲ್ವರು ಪರಮವೀರ ಚಕ್ರ ಪುರಸ್ಕೃತರ ಚಿತ್ರ ಹಾಕಿ ಕೆಳಗೆ "ಹುತಾತ್ಮರು" ಎಂದು ಬರೆಯುವುದು ಪ್ರತಿ ವರ್ಷ ನಡೆಯುತ್ತದೆ. ಆಲ್ಬರ್ಟ್ ಎಕ್ಕಾ, ನಿರ್ಮಲ್‌ಜಿತ್ ಸಿಂಗ್ ಸೆಖೋನ್, ಅರುಣ್ ಖೇತರ್‌ಪಾಲ್ ಮೂವರಿಗೆ ಮರಣೋತ್ತರ. ಹೋಶಿಯಾರ್ ಸಿಂಗ್ ಯುದ್ಧದಿಂದ ಬದುಕಿ ಬಂದವರು, ತೀರಿಕೊಂಡದ್ದು 1998ರಲ್ಲಿ.

ಶಾಲೆ_ಮೇಡಂ

ಅಮರ ಜ್ಯೋತಿ ಅಂತ ಒಂದು ದೀಪ ಇಡಬೇಕೆಂದಿದ್ದೇವೆ. ಗ್ಯಾಸ್ ಸಿಲಿಂಡರಿಗೆ ಪೈಪ್ ಜೋಡಿಸಿ ಮಾಡಿಕೊಡುತ್ತೇವೆ ಎಂದು ಒಬ್ಬರು ಹೇಳುತ್ತಿದ್ದಾರೆ.

ಕಹಳೆ

ಬೇಡ ಮೇಡಂ. ಇಂಡಿಯಾ ಗೇಟಿನ ಜ್ಯೋತಿ 1972ರಿಂದ ಬಹುಕಾಲ ಎಲ್‌ಪಿಜಿಯಲ್ಲೇ ಉರಿದದ್ದು ನಿಜ, ಆದರೆ ಅಲ್ಲಿ ಹಗಲುರಾತ್ರಿ ಕಾವಲಿತ್ತು. ಬಯಲಲ್ಲಿ ಗಾಳಿಗೆ ಉರಿ ಆರಿದರೂ ಅನಿಲ ಬರುತ್ತಲೇ ಇರುತ್ತದೆ. ಅದು ಗಾಳಿಗಿಂತ ಭಾರ, ಪೀಠದ ಸುತ್ತ ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ಅಗಲಬಾಯಿಯ ಹಿತ್ತಾಳೆ ದೀಪ, ಕಾಲು ಲೀಟರ್ ಎಳ್ಳೆಣ್ಣೆ, ಹೆಬ್ಬೆರಳ ದಪ್ಪದ ಹತ್ತಿ ಬತ್ತಿ, ಸುತ್ತ ಗಾಜಿನ ಚಿಮಣಿ. ಬತ್ತಿಯನ್ನು ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ನೆನೆಸಿ, ತುದಿಗೆ ಕರ್ಪೂರದ ಪುಡಿ ಹಚ್ಚಿಟ್ಟರೆ ಮೊದಲ ಕಡ್ಡಿಗೇ ಹೊತ್ತಿಕೊಳ್ಳುತ್ತದೆ.

ಕಲ್ಲು_ಉಳಿ

ದೀಪದ ಕೆಳಗೆ ತಟ್ಟೆ ಇರಲಿ. ಹೊಳಪಿಲ್ಲದ ಪೀಠದ ಕಲ್ಲು ಎಣ್ಣೆ ಕುಡಿದರೆ ಕಪ್ಪು ಮಚ್ಚೆ ಹೋಗುವುದು ಕಷ್ಟ. ಚೆಲ್ಲಿದರೆ ಕೂಡಲೇ ಒರೆಸಬೇಡಿ, ಹರಡುತ್ತದೆ. ಸೀಮೆಸುಣ್ಣದ ಪುಡಿ ಅಥವಾ ಮೈದಾ ಸುರಿದು ಒಂದು ರಾತ್ರಿ ಬಿಡಿ. ಮೇಣ ಬಿದ್ದರೆ ಗಟ್ಟಿಯಾಗಲು ಬಿಟ್ಟು ಪ್ಲಾಸ್ಟಿಕ್ ಚೂರಿನಿಂದ ಎಬ್ಬಿಸಿ, ಚಾಕು ಬೇಡ. ಆ್ಯಸಿಡ್ಡಂತೂ ಹತ್ತಿರಕ್ಕೂ ಬರಬಾರದು. ಅರಿಶಿನ ಕುಂಕುಮ ಹಚ್ಚುವವರು ಹಚ್ಚೇ ಹಚ್ಚುತ್ತಾರೆ, ಹೆಸರಿನ ಮೇಲೆ ಬೇಡ, ಪೀಠಕ್ಕೆ ಇಡಲಿ. ಕೆತ್ತಿದ ಅಕ್ಷರದೊಳಗೆ ಅರಿಶಿನ ಕೂತರೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಅಕ್ಷರ ಅಕ್ಷರವನ್ನೂ ತೊಳೆಯಬೇಕಾಗುತ್ತದೆ.

ಹೋಬಳಿ_ಸಮಿತಿ

ಕೊನೆಯ ಪ್ರಶ್ನೆ. ಕಲ್ಲು ನಿಂತ ಮೇಲೆ ಇನ್ನೊಂದು ಹೆಸರು ಸಿಕ್ಕರೆ?

ದಾಖಲೆ_ಕಪಾಟು

ಸಿಗುವ ಸಂಭವವಿದೆ. ಸೇನೆಗೆ ಸೇರುವಾಗ ಬೇರೆ ಊರಿನ ವಿಳಾಸ ಕೊಟ್ಟವರು, ಹೋಬಳಿಯ ಗಡಿ ಬದಲಾದ ಹಳ್ಳಿಯವರು ತಡವಾಗಿಯೇ ಗೊತ್ತಾಗುವುದು. ಮಹಾಯುದ್ಧಗಳ ಸ್ಮಾರಕಗಳಲ್ಲೂ ನಂತರ ಸಿಕ್ಕ ಹೆಸರುಗಳಿಗೆಂದೇ ಪ್ರತ್ಯೇಕ ಫಲಕ ಇರುತ್ತದೆ, ಅದರಲ್ಲಿ ಅವಮಾನವೇನಿಲ್ಲ. ಹೆಸರುಗಳನ್ನು ಹುದ್ದೆಯ ಮೇಲೆ ಜೋಡಿಸದೆ ಅಕಾರಾದಿಯಾಗಿ ಜೋಡಿಸಿ, ಕೆಳಗೆ ಮೂರು ಸಾಲಿನ ಜಾಗ ಖಾಲಿ ಬಿಡಿ.

ಕಲ್ಲು_ಉಳಿ

ಮರಳು ಊದುವ ಯಂತ್ರವನ್ನು ಜಾಗಕ್ಕೇ ತರಬಹುದು, ಕಲ್ಲು ಕೀಳಬೇಕಿಲ್ಲ. ಆದರೆ ಖಾಲಿ ಜಾಗ ನೆಲದಿಂದ ಕನಿಷ್ಠ ಒಂದೂವರೆ ಅಡಿ ಮೇಲಿರಬೇಕು, ಅದಕ್ಕಿಂತ ಕೆಳಗಿದ್ದರೆ ನಳಿಕೆ ಹಿಡಿಯಲಾಗುವುದಿಲ್ಲ. ಮೊದಲ ಸಲ ಬಳಸಿದ ಅಕ್ಷರದ ಫೈಲನ್ನು ಕೆತ್ತುವವರಿಂದ ಕೇಳಿ ಪಡೆದು ಪಂಚಾಯಿತಿಯಲ್ಲೂ ಶಾಲೆಯಲ್ಲೂ ಒಂದೊಂದು ಪ್ರತಿ ಇಡಿ. ಇಲ್ಲದಿದ್ದರೆ ಹೊಸ ಹೆಸರು ಬೇರೆ ಫಾಂಟಿನಲ್ಲಿ ಬರುತ್ತದೆ.